ಸ್ವಿಂಗ್ ನಿಧಾನ ಆದರೆ ಮೋಟರ್ ಬಿಚ್ಚುವ ಮೊದಲು ಬ್ರೇಕ್ ಪೋರ್ಟಿಗೆ ಗೇಜ್ ಹಾಕಿ: ನನ್ನ ಅನುಭವ

ಬ್ರೇಕ್ ಹಿಡಿದರೆ ಮಷಿನ್ ತಿರುಗೋದೇ ಇಲ್ಲ, ತಿರುಗುತ್ತಿದೆ ಅಂದರೆ ಬ್ರೇಕ್ ಸರಿ ಇದೆ. ಎಕ್ಸ್‌ಕವೇಟರಿನ ಸ್ವಿಂಗ್ (ಮೇಲಿನ ಭಾಗ ತಿರುಗೋದು) ನಿಧಾನ ಆದಾಗ ಈ ಮಾತನ್ನು ನಮ್ಮ ಲೈನಿನಲ್ಲಿ ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕ ಇಲ್ಲ. ಇದು ತಪ್ಪು ಅಂತ ನಾನು ಹೇಳಿಕೊಂಡು ಬಂದು ವರ್ಷಗಳಾದವು. ಈ ಸಲ ಬಳ್ಳಾರಿ ಕಡೆಯ ಒಂದು ಜಲ್ಲಿ ಕ್ವಾರಿಯಲ್ಲಿ ಗೇಜ್ ಇಟ್ಟು, ಎಲ್ಲರ ಎದುರೇ ತೋರಿಸಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮಷಿನ್ 20 ಟನ್ನಿನದು, ಅವರ್ ಮೀಟರ್ 11 ಸಾವಿರ ದಾಟಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಿಂಗ್ ಚೆನ್ನಾಗಿರುತ್ತಿತ್ತು. ಹತ್ತು ಗಂಟೆ ಬಿಸಿಲು ಏರಿ ಆಯಿಲ್ ಕಾದ ಮೇಲೆ ಎರಡೂ ಕಡೆ ಸುಸ್ತು. ಇಳಿಜಾರಿನಲ್ಲಿ ನಿಂತು ತುಂಬಿದ ಬಕೆಟ್ ಮೇಲಕ್ಕೆ ತಿರುಗಿಸಬೇಕು ಅಂದರೆ ಒದ್ದಾಟ. ಈ ಸೈಜಿನ ಮಷಿನ್ ಸಮತಟ್ಟು ಜಾಗದಲ್ಲಿ ಖಾಲಿ ಬಕೆಟ್ಟಿನಲ್ಲಿ ಮೂರು ಸುತ್ತನ್ನು 14–15 ಸೆಕೆಂಡಿನಲ್ಲಿ ಮುಗಿಸಬೇಕು ಅಲ್ವಾ, ಇದು ಬಿಸಿಯಲ್ಲಿ 22–23 ತೆಗೆದುಕೊಳ್ಳುತ್ತಿತ್ತು. ಟಿಪ್ಪರ್ ಸಾಲು ನಿಲ್ಲುತ್ತಿತ್ತು, ಮಾಲೀಕರಿಗೆ ತಲೆ ಕೆಟ್ಟು ಹೋಗಿತ್ತು.

ನಾನು ಹೋಗುವ ಹೊತ್ತಿಗೆ ಅವರು ಮೇನ್ ಪಂಪ್ ಓವರ್‌ಹಾಲ್ ಮಾಡಿಸಿ ಹತ್ತಿರ ಹತ್ತಿರ 1.8 ಲಕ್ಷ ಸುರಿದಿದ್ದರು. ಒಂದು ಪೈಸೆ ಉಪಯೋಗ ಆಗಿರಲಿಲ್ಲ. ಪಂಪ್ ಮುಟ್ಟುವ ಅಗತ್ಯವೇ ಇರಲಿಲ್ಲ ಅನ್ನೋದು ಸಂಕಟ. ಈ ಮಷಿನ್ನಿನಲ್ಲಿ ಸ್ವಿಂಗಿಗೆ ಆಯಿಲ್ ಕೊಡುವ ಪಂಪೇ ಆರ್ಮ್‌ಗೂ (ಬಕೆಟ್ ಹಿಡಿದ ತೋಳು) ಕೊಡುತ್ತದೆ, ಒಂದು ಕಡೆಯ ಟ್ರ್ಯಾಕಿಗೂ ಕೊಡುತ್ತದೆ. ಆರ್ಮ್ ಬಿಸಿಯಲ್ಲೂ ಸರಿಯಾದ ಟೈಮಿಗೆ ಒಳಗೆ ಬರುತ್ತಿತ್ತು, ಮಷಿನ್ ನೇರ ಓಡುತ್ತಿತ್ತು. ಇಷ್ಟು ನೋಡಿದ್ದರೆ ಪಂಪ್ ಬಿಚ್ಚುತ್ತಿರಲಿಲ್ಲ. ಆಮೇಲೆ ಇನ್ನೊಬ್ಬರು ಬಂದು ಬಕೆಟ್ಟನ್ನು ಬಂಡೆಗೆ ಒತ್ತಿಸಿ ಸ್ವಿಂಗ್ ಕೊಟ್ಟು ಕೇಸ್ ಡ್ರೈನ್ (ಮೋಟರ್ ಒಳಗೆ ಸೋರಿ ಟ್ಯಾಂಕಿಗೆ ವಾಪಸ್ ಹೋಗುವ ಆಯಿಲ್) ಅಳೆದಿದ್ದರು. ನಿಮಿಷಕ್ಕೆ 10–11 ಲೀಟರ್ ಬಂತಂತೆ. ಮೋಟರ್ ಹೋಗಿದೆ, ಹೊಸದಕ್ಕೆ 3.5 ಲಕ್ಷ, ಹಳೇ ಇಂಪೋರ್ಟೆಡ್ ಆದರೆ 1.2 ಲಕ್ಷ ಅಂತ ಹೇಳಿ ಹೋಗಿದ್ದರು. ಮಾಲೀಕರು ಅಡ್ವಾನ್ಸ್ ಕಳಿಸುವವರಿದ್ದರು. ಎರಡು ದಿನ ತಡೆಯಿರಿ ಅಂದೆ.

ಮೊದಲು ಸ್ವಿಂಗ್ ಪ್ರೆಶರ್ ನೋಡಿದೆ. ಬಂಡೆಗೆ ಒತ್ತಿಸಿದಾಗ ಎರಡೂ ಕಡೆ 285 ಕೆಜಿ (ಚದರ ಸೆಂ.ಮೀ.ಗೆ) ಆಸುಪಾಸು ಬಂತು, ಅದೂ ಬಿಸಿಯಲ್ಲಿ. ಅಂದರೆ ಪೋರ್ಟ್ ರಿಲೀಫ್ (ಪ್ರೆಶರ್ ಮಿತಿ ಮೀರದಂತೆ ತಡೆಯುವ ವಾಲ್ವ್, ಕಡೆಗೊಂದು) ಸರಿ. ಆದರೂ ಮಾಲೀಕರ ಸಮಾಧಾನಕ್ಕೆ ಎರಡು ರಿಲೀಫುಗಳನ್ನು ಎಡ–ಬಲ ಅದಲು ಬದಲು ಮಾಡಿದೆ, ವ್ಯತ್ಯಾಸ ಬರಲಿಲ್ಲ. ಒಂದು ಕಡೆ ಮಾತ್ರ ವೀಕ್ ಇದ್ದಾಗಲೇ ಆ ಅದಲು ಬದಲಿನಿಂದ ಪ್ರಯೋಜನ. ಕನಕಪುರದ ಹತ್ತಿರ ಒಂದು ಮಷಿನ್ ಬಲಕ್ಕೆ ಮಾತ್ರ ಸೋಲುತ್ತಿತ್ತು, ಮೇಕಪ್ ಚೆಕ್ ವಾಲ್ವಿನ (ಮೋಟರಿಗೆ ಆಯಿಲ್ ಕೊರತೆ ಆದಾಗ ತುಂಬಿಸುವ ವಾಲ್ವ್) ಸೀಟಿಗೆ ಓ–ರಿಂಗ್ ಚೂರು ಸಿಕ್ಕಿಕೊಂಡಿತ್ತು. ಅರ್ಧ ಗಂಟೆ ಕೆಲಸ. ಇಲ್ಲಿ ಎರಡೂ ಕಡೆ ಒಂದೇ ಥರ, ಹಾಗಾಗಿ ಎರಡಕ್ಕೂ ಸೇರಿದ ಜಾಗದಲ್ಲೇ ತೊಂದರೆ.

ನನಗೆ ಸುಳಿವು ಸಿಕ್ಕಿದ್ದು ಅದೇ ಗೇಜಿನಲ್ಲಿ, ಆದರೆ ಬಂಡೆಗೆ ಒತ್ತಿಸಿದಾಗ ಅಲ್ಲ. ಗೇಜನ್ನು ಹಾಗೇ ಬಿಟ್ಟು, ಖಾಲಿ ಬಕೆಟ್ಟಿನಲ್ಲಿ ಸುತ್ತು ಹೊಡೆಸಿದೆ. ಮಷಿನ್ ವೇಗ ಹಿಡಿದ ಮೇಲೆ ಪ್ರೆಶರ್ ಇಳಿದು 50–60ರಲ್ಲಿ ಆಡಬೇಕು. ಇದು 130ರಿಂದ ಕೆಳಗೆ ಇಳಿಯಲೇ ಇಲ್ಲ. ಮುಳ್ಳು ಅಲ್ಲೇ ನಡುಗುತ್ತಾ ನಿಂತಿತ್ತು. ಮೋಟರ್ ಸವೆದು ಆಯಿಲ್ ಒಳಗೇ ಸೋರುತ್ತಿದ್ದರೆ ಓಡುವಾಗ ಪ್ರೆಶರ್ ಇಷ್ಟು ಏರಲ್ಲ, ವೇಗ ಕಮ್ಮಿ ಆಗುತ್ತದೆ ಅಷ್ಟೆ. ವೇಗ ಕಮ್ಮಿ, ಪ್ರೆಶರ್ ಜಾಸ್ತಿ ಅಂದರೆ ಏನೋ ಹಿಡಿದು ಎಳೆಯುತ್ತಿದೆ. ಈ ಓಡುವಾಗಿನ ಪ್ರೆಶರ್ ಯಾರೂ ನೋಡಲ್ಲ, ಎಲ್ಲರೂ ರಿಲೀಫ್ ಪ್ರೆಶರ್ ನೋಡಿ ಗೇಜ್ ಬಿಚ್ಚಿಬಿಡುತ್ತಾರೆ.

ಎಳೆಯುವುದು ಗೇರ್‌ಬಾಕ್ಸ್ ಇರಬಹುದು, ಸ್ವಿಂಗ್ ಬೇರಿಂಗ್ ಇರಬಹುದು, ಬ್ರೇಕ್ ಇರಬಹುದು. ಗೇರ್ ಆಯಿಲ್ ಡಿಪ್‌ಸ್ಟಿಕ್ ಮಟ್ಟ ಸರಿ ಇತ್ತು. ಮೋಟರ್ ಶಾಫ್ಟ್ ಸೀಲ್ ಹೋಗಿದ್ದರೆ ಅಲ್ಲಿ ಹೈಡ್ರಾಲಿಕ್ ಆಯಿಲ್ ಸೇರಿ ಮಟ್ಟ ಏರಿರುತ್ತಿತ್ತು. ಕಾಲು ಗಂಟೆ ಎಡೆಬಿಡದೆ ಸ್ವಿಂಗ್ ಮಾಡಿಸಿ ಟೆಂಪರೇಚರ್ ಗನ್ ಹಿಡಿದೆ. ಟ್ಯಾಂಕ್ 75 ಡಿಗ್ರಿ, ಗೇರ್‌ಬಾಕ್ಸ್ 70ರ ಹತ್ತಿರ, ಆದರೆ ಮೋಟರ್ ಬಾಡಿಯಲ್ಲಿ ಬ್ರೇಕ್ ಪ್ಲೇಟ್ ಇರುವ ಪಟ್ಟಿಯಲ್ಲಿ ನೂರು ದಾಟಿತ್ತು. ಕೇಸ್ ಡ್ರೈನ್ ಹೋಸ್ ಬಿಚ್ಚಿ ಸ್ವಲ್ಪ ಆಯಿಲನ್ನು ಬಿಳಿ ಹಾಳೆ ಮೇಲೆ ಹರಡಿದೆ. ಬಿಸಿಲಿಗೆ ಹಿಡಿದರೆ ಚಿನ್ನದ ಬಣ್ಣದ ಹೊಳೆಯುವ ಪುಡಿ ಇಲ್ಲ, ಬೆರಳಿಗೆ ಕಾಡಿಗೆಯ ಹಾಗೆ ಅಂಟುವ ನುಣ್ಣನೆಯ ಕಪ್ಪು. ಮೋಟರಿನ ಒಳಗಿನ ಪಿಸ್ಟನ್ ಶೂ, ವಾಲ್ವ್ ಪ್ಲೇಟ್ ಸವೆದಿದ್ದರೆ ಹಿತ್ತಾಳೆ ಬಣ್ಣ ಕಾಣಲೇಬೇಕು. ಇದು ಬ್ರೇಕಿನ ಫ್ರಿಕ್ಷನ್ ಪ್ಲೇಟಿನ ಪುಡಿ.

ಈ ಬ್ರೇಕನ್ನು ಸ್ಪ್ರಿಂಗ್ ಒತ್ತಿ ಹಿಡಿಯುತ್ತದೆ, ಪೈಲಟ್ ಆಯಿಲ್ (ಕಂಟ್ರೋಲಿಗೆ ಬರುವ ಕಡಿಮೆ ಪ್ರೆಶರಿನ ಆಯಿಲ್) ಬಂದು ಪಿಸ್ಟನ್ ಎತ್ತಿದರೆ ಬಿಡುತ್ತದೆ. ಆ ಆಯಿಲ್ ಒಳಗೆ ಹೋಗುವ ಬ್ರೇಕ್ ರಿಲೀಸ್ ಪೋರ್ಟಿಗೆ ಟೀ ಹಾಕಿ 60 ಕೆಜಿಯ ಸಣ್ಣ ಗೇಜ್ ಇಟ್ಟೆ. ಪೈಲಟ್ ಮೂಲದಲ್ಲಿ 36–37 ಇತ್ತು. ಬೆಳಿಗ್ಗೆ ತಣ್ಣಗಿದ್ದಾಗ ಬ್ರೇಕ್ ಪೋರ್ಟಿನಲ್ಲೂ 32 ಬರುತ್ತಿತ್ತು. ಮಧ್ಯಾಹ್ನ ಎರಡು ಗಂಟೆಗೆ ನೋಡಿದರೆ ಮೂಲದಲ್ಲಿ ಅಷ್ಟೇ ಇದೆ, ಪೋರ್ಟಿನಲ್ಲಿ 15! ಪಿಸ್ಟನ್ ಸ್ಪ್ರಿಂಗನ್ನು ಅರ್ಧ ಮಾತ್ರ ಎತ್ತಿದೆ, ಪ್ಲೇಟುಗಳು ಉಜ್ಜುತ್ತಲೇ ಇವೆ. ಅಲ್ಲಿದ್ದ ಹಳೇ ಮೆಕ್ಯಾನಿಕ್ ಆಗಲೂ ಒಪ್ಪಲಿಲ್ಲ, ಗೇಜ್ ಸುಳ್ಳು ಅಂದರು. ಗೇಜ್ ಬದಲಾಯಿಸಿದೆ, ಅದೂ 15 ತೋರಿಸಿತು.

ಅವರನ್ನು ಒಪ್ಪಿಸಿದ್ದು ಒಂದು ಹೋಸ್. ಪೈಲಟ್ ಮ್ಯಾನಿಫೋಲ್ಡಿನಿಂದ ನೇರವಾಗಿ, ನಡುವಿನ ಡಿಲೇ ವಾಲ್ವನ್ನೂ (ಸ್ವಿಂಗ್ ನಿಂತು ಸ್ವಲ್ಪ ಹೊತ್ತಾದ ಮೇಲೆ ಬ್ರೇಕ್ ಬೀಳಿಸುವುದು) ಸಣ್ಣ ಆರಿಫಿಸನ್ನೂ (ಆಯಿಲ್ ಹರಿವು ತಗ್ಗಿಸುವ ಕಿರಿದಾದ ತೂತು) ತಪ್ಪಿಸಿ, ದಪ್ಪ ಹೋಸಿನಲ್ಲಿ ಬ್ರೇಕ್ ಪೋರ್ಟಿಗೆ ಕೊಟ್ಟೆ. ಪ್ರೆಶರ್ 30ಕ್ಕೆ ಏರಿತು. ಅದೇ ಬಿಸಿ ಆಯಿಲ್, ಅದೇ ಮೋಟರ್, ಮೂರು ಸುತ್ತು 16 ಸೆಕೆಂಡ್. ಆಪರೇಟರ್ ಕ್ಯಾಬಿನ್ನಿನಿಂದಲೇ ಕೂಗಿದ. ಇದನ್ನು ಮಾಡುವವರು ಒಂದು ನೆನಪಿಡಿ: ಹೀಗೆ ಕೊಟ್ಟರೆ ಇಂಜಿನ್ ಓಡುವಷ್ಟು ಹೊತ್ತೂ ಪಾರ್ಕಿಂಗ್ ಬ್ರೇಕ್ ಬೀಳಲ್ಲ. ಸಮತಟ್ಟು ಜಾಗದಲ್ಲಿ, ಸುತ್ತ ಯಾರೂ ಇಲ್ಲದಾಗ ಮಾತ್ರ. ಪರೀಕ್ಷೆ ಮುಗಿದ ತಕ್ಷಣ ತೆಗೆಯಿರಿ. ಹಾಗೇ ಬಿಟ್ಟು ಕೆಲಸ ಮಾಡಿಸುವವರನ್ನೂ ನೋಡಿದ್ದೇನೆ, ಜೀವ ತೆಗೆಯುವ ಕೆಲಸ ಅದು.

ಪ್ರೆಶರ್ ಎಲ್ಲಿ ಹೋಗುತ್ತಿತ್ತು? ಹ್ಯಾಂಡ್ ಪಂಪಿನಲ್ಲಿ ಬ್ರೇಕ್ ಪೋರ್ಟಿಗೆ 35 ಏರಿಸಿ ಬಿಟ್ಟೆ, ಕಣ್ಣು ಮಿಟುಕಿಸುವಷ್ಟರಲ್ಲಿ 10ಕ್ಕೆ ಬಿತ್ತು. ಬ್ರೇಕ್ ಪಿಸ್ಟನ್ ಸೀಲ್ ಸೋರಿ, ಕಾದು ತೆಳುವಾದ ಪೈಲಟ್ ಆಯಿಲ್ ಸೀದಾ ಮೋಟರ್ ಕೇಸಿಗೆ ಹೋಗುತ್ತಿತ್ತು. ಆ 10–11 ಲೀಟರಿನ ಗುಟ್ಟೂ ಇದೇ. ಬ್ರೇಕ್ ಹೋಸ್ ಬಿಚ್ಚಿ ಪ್ಲಗ್ ಹೊಡೆದು, ಬ್ರೇಕ್ ಮೇಲೆಯೇ ಮೋಟರ್ ನಿಲ್ಲಿಸಿ ಮತ್ತೆ ಕೇಸ್ ಡ್ರೈನ್ ಹಿಡಿದೆ. 6 ಲೀಟರಿನ ಮೇಲೆ ಸ್ವಲ್ಪ. ಮೋಟರಿನ ನಿಜವಾದ ಸೋರಿಕೆ ಅಷ್ಟೇ, 11 ಸಾವಿರ ಅವರ್ ಓಡಿದ ಮೋಟರಿಗೆ ಅದು ಮರ್ಯಾದೆಯ ಲೆಕ್ಕ. ಉಳಿದ 4–5 ಲೀಟರ್ ಬ್ರೇಕಿನದು. ಬ್ರೇಕ್ ಸೋರಿಕೆಯನ್ನು ಮೋಟರ್ ಮೇಲೆ ಹಾಕಿ ಎಷ್ಟು ಒಳ್ಳೇ ಮೋಟರುಗಳು ಗುಜರಿಗೆ ಹೋಗಿವೆಯೋ ಅಂತ ಹೊಟ್ಟೆ ಉರಿಯುತ್ತದೆ.

ಇನ್ನೊಂದು ವಿಷಯ. ಸೀಲ್ ಬರುವವರೆಗೆ ಇರಲಿ ಅಂತ ಮಾಲೀಕರು 46ರ ಬದಲು ಇನ್ನೂ ಮಂದ ಇರುವ 68 ಗ್ರೇಡ್ ಆಯಿಲ್ ಹಾಕೋಣವೇ ಅಂದರು. ಅದನ್ನು ಹಿಂದೊಂದು ಬೇಸಿಗೆ ಬೇರೆ ಮಷಿನ್ನಿನಲ್ಲಿ ಮಾಡಿ ನೋಡಿದ್ದೇನೆ. ಬಿಸಿಯಲ್ಲಿ ಒಂದೆರಡು ಸೆಕೆಂಡ್ ಸುಧಾರಿಸುತ್ತದೆ ನಿಜ, ಆದರೆ ಚಳಿಗಾಲದ ಬೆಳಿಗ್ಗೆ ಮಷಿನ್ ಪೂರ್ತಿ ಮಂಕು, ಪಂಪ್ ಕೂಗುತ್ತದೆ. ಟ್ಯಾಂಕ್ ತುಂಬ ಆಯಿಲಿಗೆ 40 ಸಾವಿರ ಹತ್ತಿರ ಸುಮ್ನೆ ದಂಡ. ಬೇಡ ಅಂದೆ.

ಸೀಲ್ ಕಿಟ್, ಫ್ರಿಕ್ಷನ್ ಮತ್ತು ಸ್ಟೀಲ್ ಪ್ಲೇಟುಗಳು ಹುಬ್ಬಳ್ಳಿಯಿಂದ ಬಂದವು, ಎಲ್ಲಾ ಸೇರಿ 20 ಸಾವಿರದ ಒಳಗೆ. ಹಳೇ ಡಿ–ರಿಂಗ್ (ಬ್ರೇಕ್ ಪಿಸ್ಟನ್ ಸೀಲ್) ಕಲ್ಲಾಗಿತ್ತು, ಉಗುರಿನಿಂದ ಒತ್ತಿದರೆ ಗುರುತೇ ಬೀಳಲಿಲ್ಲ, ಒಂದು ಕಡೆ ಚಪ್ಪಟೆಯಾಗಿ ಸೀಳಿತ್ತು. ಫ್ರಿಕ್ಷನ್ ಪ್ಲೇಟಿನ ಗೆರೆಗಳೆಲ್ಲ ಅಳಿಸಿ ಕನ್ನಡಿ ಆಗಿದ್ದವು. ಪಿಸ್ಟನ್ನನ್ನು ಓರೆ ಆಗದಂತೆ ಎತ್ತಲು ನನ್ನದೇ ಒಂದು ಜುಗಾಡ್ ಇದೆ, ಸೀಲ್ ಕೂರುವ ಬೋರಿನಲ್ಲಿ ಸವೆದ ಗೆರೆ ಇದ್ದರೆ ಅದಕ್ಕೂ ಒಂದು ಉಪಾಯ ಇದೆ. ಎರಡನ್ನೂ ಇಲ್ಲಿ ಬರೆಯಲ್ಲ, ಹೊಟ್ಟೆಪಾಡು. ಸೀಲನ್ನು ಒಣಗಿದ ಹಾಗೇ ಹಾಕಬೇಡಿ, ಇಷ್ಟು ಹೇಳುತ್ತೇನೆ. ನನ್ನ ಕೂಲಿ, ಹುಡುಗರ ಕೂಲಿ, ಓಡಾಟ ಸೇರಿ ಒಟ್ಟು ಬಿಲ್ 35 ಸಾವಿರ ಆಸುಪಾಸು. 3.5 ಲಕ್ಷದ ಮಾತು ಎಲ್ಲಿಗೆ ಬಂತು ನೋಡಿ.

ಈಗ ಬಿಸಿಯಲ್ಲಿ ಬ್ರೇಕ್ ಪೋರ್ಟಿನಲ್ಲಿ 33–34 ನಿಲ್ಲುತ್ತಿದೆ, ಓಡುವಾಗ ಸ್ವಿಂಗ್ ಪ್ರೆಶರ್ 55, ಮೂರು ಸುತ್ತು 15 ಸೆಕೆಂಡ್. ಮುಂದಿನ ಸರ್ವೀಸಿಗೆ ಹೋದಾಗ ಬ್ರೇಕ್ ಹೋಸ್ ಪ್ಲಗ್ ಮಾಡಿ ಕೇಸ್ ಡ್ರೈನ್ ಮತ್ತೆ ಅಳೆಯುತ್ತೇನೆ. 8 ಲೀಟರ್ ದಾಟಿದ್ದರೆ ಆಗ ವಾಲ್ವ್ ಪ್ಲೇಟ್ ಲ್ಯಾಪಿಂಗ್ (ಉಜ್ಜಿ ಸಮ ಮಾಡುವುದು) ಮಾಡಿಸೋಣ ಅಂತ ಮಾಲೀಕರಿಗೆ ಹೇಳಿದ್ದೇನೆ. ಅಲ್ಲಿಯವರೆಗೆ ಆ ಮೋಟರಿಗೆ ಸ್ಪ್ಯಾನರ್ ತಾಗಿಸುವ ಅಗತ್ಯ ಇಲ್ಲ.