ಕಾಫಿ ಕೊಯ್ಲಿನ ಗಡಿಬಿಡಿಯಲ್ಲೂ ವಿಶ್ವಾಸದಲ್ಲಿ ಬೆಳೆಯುವುದು ಹೇಗೆ?

ಇಡೀ ಬೈಬಲನ್ನು ಒಂದೇ ಉಸಿರಿಗೆ ಓದಲು ಹೊರಡಬೇಡಿ. ಮೂರನೇ ಪುಸ್ತಕವಾದ ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ಅನೇಕರು ಕೈಬಿಡುತ್ತಾರೆ. ಮಾರ್ಕನ ಸುವಾರ್ತೆಯಿಂದ ಶುರುಮಾಡಿ. ಇರುವುದು 16 ಅಧ್ಯಾಯ, ದಿನಕ್ಕೆ ಅರ್ಧದಂತೆ ಸುಮಾರು ಒಂದು ತಿಂಗಳು. ರೊಬಸ್ಟಾ ಕಾಫಿ ಕೊಯ್ಲಿನ ದಿನಗಳಲ್ಲಿ ಐದೇ ವಚನ ಸಾಕು, ಆದರೆ ತೋಟಕ್ಕೆ ಇಳಿಯುವ ಮುಂಚೆ. ರಾತ್ರಿಗೆ ಇಟ್ಟುಕೊಂಡರೆ ದಣಿದ ಮೈ ನಿದ್ದೆಯನ್ನೇ ಕೇಳುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಮೊಬೈಲ್ ನಂಬುವಂತಿಲ್ಲ, ಅಚ್ಚಿನ ಪ್ರತಿ ಇರಲಿ.

ನಿಜವಾದ ಪರೀಕ್ಷೆ ಜಗಳದಲ್ಲಿ. ಹಣ್ಣು ತೂಗುವಾಗ ಎರಡು ಕಿಲೋ ಕಮ್ಮಿ ಬರೆದಿರಿ ಎಂದು ಕೆಲಸದಾಕೆ ದೂರಿದಳು ಎನ್ನಿ. ಸಿಟ್ಟು ನೆತ್ತಿಗೇರುತ್ತದೆ. ಬಾಯಿ ತೆರೆಯುವ ಮೊದಲು ‘ಕರ್ತನೇ, ಕರುಣಿಸು’ ಎಂದು ಮನಸ್ಸಲ್ಲೇ ಹೇಳಿ, ಚೀಲವನ್ನು ಅವಳೆದುರೇ ಮತ್ತೆ ತೂಗಿ. ತಪ್ಪು ನಿಮ್ಮದಾದರೆ ಅಂದೇ ಕೂಲಿ ಸರಿಪಡಿಸಿ, ಕ್ಷಮೆ ಕೇಳಿ. ಕಾಣಿಕೆ ಒಪ್ಪಿಸುವ ಮುನ್ನ ಸಹೋದರನೊಡನೆ ಸಮಾಧಾನವಾಗಬೇಕೆಂದು ಯೇಸು ಹೇಳಿದ್ದಾನೆ (ಮತ್ತಾಯ 5:23-24). ಇದನ್ನು ಬಿಟ್ಟು ಪ್ರಾರ್ಥನೆ ಮಾತ್ರ ಹೆಚ್ಚಿಸಿದರೆ ಮನಸ್ಸು ಮೊಂಡಾಗುತ್ತದೆ.

ಕಾಡಾನೆ ತೋಟ ತುಳಿದ ದಿನ ಸ್ತೋತ್ರ ಬಾಯಿಗೆ ಬರದಿದ್ದರೆ ಬಲವಂತ ಬೇಡ. ಬೈಬಲಿನ 13ನೇ ಕೀರ್ತನೆ ‘ಎಷ್ಟರವರೆಗೆ’ ಎಂಬ ಮೊರೆಯೇ ಆಗಿದೆ. ಅದನ್ನು ಗಟ್ಟಿಯಾಗಿ ಓದಿ. ಭಾನುವಾರ ಆರಾಧನೆ ಮುಗಿದ ಮೇಲೆ ನಂಬಿಕಸ್ಥರೊಬ್ಬರಿಗೆ ಆ ಕಷ್ಟ ತಿಳಿಸಿ, ನಿಮಗಾಗಿ ಪ್ರಾರ್ಥಿಸಲು ಕೇಳಿಕೊಳ್ಳಿ.