ಹಳೆಯ ಮನೆಯ ಏಸಿ ತಪಾಸಣೆ: ಎಲ್ಲಿಯವರೆಗೆ ನೋಡಬೇಕು, ಎಲ್ಲಿ ನಿಲ್ಲಿಸಬೇಕು

ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳುಗಳ ಮಧ್ಯಾಹ್ನ ಉಷ್ಣಾಂಶ 42 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಹೊಸದೇನಲ್ಲ. ಹೀಗಾಗಿ ಇಲ್ಲಿ ಹಳೆಯ ಮನೆ ಕೊಳ್ಳುವವರು ಬೋರ್‌ವೆಲ್ ನೀರು, ಚಾವಣಿಯ ಸೋರಿಕೆಗಳ ಜೊತೆಗೆ ಗೋಡೆಯ ಮೇಲಿನ ಏಸಿಯ ಬಗ್ಗೆಯೂ ವಿಚಾರಿಸುತ್ತಾರೆ. ಮಾರುವವರು ರಿಮೋಟ್ ಒತ್ತುತ್ತಾರೆ, ಕೊಳ್ಳುವವರು ಗಾಳಿಗೆ ಕೈ ಒಡ್ಡುತ್ತಾರೆ, ಅಲ್ಲಿಗೆ ಪರೀಕ್ಷೆ ಮುಗಿಯುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಮನೆ ನೋಡಲು ಕರೆದ ತಪಾಸಕರೇ ಪಾನಾ ಹಿಡಿದು ಯೂನಿಟ್ ಬಿಚ್ಚಿ, ಏಸಿಯೊಳಗಿನ ಗ್ಯಾಸಿನ ಒತ್ತಡ ಅಳೆಯುವ ಗೇಜ್ ಜೋಡಿಸಲು ಮುಂದಾಗುವುದೂ ಉಂಟು. ಮೊದಲನೆಯದರಿಂದ ಏನೂ ತಿಳಿಯುವುದಿಲ್ಲ. ಎರಡನೆಯದು ಇನ್ನೂ ಬೇರೆಯವರ ಸ್ವತ್ತಾಗಿರುವ ಯಂತ್ರವನ್ನು ಅಪಾಯಕ್ಕೆ ಒಡ್ಡುತ್ತದೆ.

ಮನೆ ತಪಾಸಣೆ ಒಂದು ವೃತ್ತಿಯಾಗಿ ಬೆಳೆದಿರುವ ಅಮೆರಿಕದಲ್ಲಿ ತಪಾಸಕರ ಸಂಘಗಳು ಈ ಗಡಿಯನ್ನು ಬರೆದಿಟ್ಟಿವೆ. ಮನೆಯವರು ದಿನವೂ ಬಳಸುವ ಸ್ವಿಚ್ಚು, ರಿಮೋಟುಗಳಿಂದಲೇ ಯಂತ್ರ ನಡೆಸಿ ನೋಡಬೇಕು, ಸುಲಭವಾಗಿ ತೆರೆಯುವ ಮುಚ್ಚಳವನ್ನಷ್ಟೇ ತೆರೆಯಬೇಕು ಎಂಬುದು ಅವುಗಳ ಸಾರ. ಗ್ಯಾಸಿನ ಪ್ರಮಾಣ, ಸೋರಿಕೆ, ಯಂತ್ರದ ಸಾಮರ್ಥ್ಯ ಕೋಣೆಗೆ ಸಾಲುತ್ತದೆಯೇ ಎಂಬಂಥ ಪ್ರಶ್ನೆಗಳಿಗೆ ತಪಾಸಕರು ಉತ್ತರಿಸಬೇಕಾಗಿಲ್ಲ. ಕಿಟಕಿ ಏಸಿಯನ್ನಂತೂ ನೋಡಬೇಕಾಗಿಯೇ ಇಲ್ಲ. ಆದರೆ ಆ ನಿಯಮಗಳು ಇಡೀ ಮನೆಗೆ ಒಂದೇ ಯಂತ್ರವಿರುವ ವ್ಯವಸ್ಥೆಯನ್ನು ಕಣ್ಣಮುಂದಿಟ್ಟುಕೊಂಡವು. ಕೋಣೆಗೊಂದು ಸ್ಪ್ಲಿಟ್ ಏಸಿ (ಒಳಗೊಂದು, ಹೊರಗೊಂದು ಯೂನಿಟ್ ಇರುವಂಥದು) ಇರುವ ನಮ್ಮ ಮನೆಗಳಲ್ಲಿ ತಪಾಸಕರು ಒಂದು ಹೆಜ್ಜೆ ಮುಂದೆ ಹೋಗಿ ಗಾಳಿಯ ಉಷ್ಣಾಂಶವನ್ನು ಅಳೆಯಲೇಬೇಕು, ಆದರೆ ಗ್ಯಾಸ್ ಇರುವ ಕೊಳವೆಗೆ ಮಾತ್ರ ಕೈ ಹಾಕಕೂಡದು ಎಂಬುದು ನನ್ನ ಖಚಿತ ಅಭಿಪ್ರಾಯ.

ಆರಂಭಕ್ಕೆ ಮುನ್ನ

ಏಸಿ ಮನೆಯ ಜೊತೆಗೇ ಬರುತ್ತದೆಯೇ ಎಂಬುದನ್ನು ಮಾರುವವರಿಂದ ಸ್ಪಷ್ಟಪಡಿಸಿಕೊಂಡು, ಚಾಲೂ ಮಾಡಲು ಅವರ ಅನುಮತಿ ಪಡೆಯಬೇಕು. ಹಲವರು ಯಂತ್ರವನ್ನು ಕಳಚಿಕೊಂಡು ಹೋಗಿ, ಗೋಡೆಯೊಳಗಿನ ತಾಮ್ರದ ಪೈಪನ್ನಷ್ಟೇ ಬಿಟ್ಟಿರುತ್ತಾರೆ. ಅಂಥಲ್ಲಿ ಪೈಪಿನ ಬಾಯಿ ಮುಚ್ಚಿದೆಯೇ, ತೆರೆದಿದೆಯೇ ಎಂದು ನೋಡಿ ಬರೆದುಕೊಳ್ಳಬೇಕು, ಏಕೆಂದರೆ ತೆರೆದ ಪೈಪಿನೊಳಗೆ ತೇವ, ದೂಳು ಸೇರಿರುತ್ತವೆ. ನೈಟ್ರೋಜನ್ ತುಂಬಿ ಅದರ ಬಿಗಿತ ಪರೀಕ್ಷಿಸುವುದು ಮೆಕ್ಯಾನಿಕ್‌ನ ಕೆಲಸ.

ಯಂತ್ರ ಇದ್ದರೆ ಅದರ ನಾಮಫಲಕದ ಚಿತ್ರ ತೆಗೆದುಕೊಳ್ಳಬೇಕು. ತಯಾರಾದ ವರ್ಷ, ಸರಣಿ ಸಂಖ್ಯೆ, ಗ್ಯಾಸಿನ ಹೆಸರು ಅಲ್ಲಿರುತ್ತವೆ. ಆರ್-22 ಎಂದಿದ್ದರೆ ಯಂತ್ರ ಹಳೆಯದು. ಓಝೋನ್ ಪದರಕ್ಕೆ ಹಾನಿ ಮಾಡುವ ಆ ಅನಿಲದ ಬಳಕೆಯನ್ನು ಮಾಂಟ್ರಿಯಲ್ ಒಪ್ಪಂದದಡಿ ಹಂತ ಹಂತವಾಗಿ ನಿಲ್ಲಿಸಲಾಗುತ್ತಿದೆ. ವಿದ್ಯುತ್ ಉಳಿತಾಯ ಸೂಚಿಸುವ ನಕ್ಷತ್ರಗಳ ಲೇಬಲ್ ಯಾವ ಅವಧಿಯದೆಂಬುದನ್ನೂ ಓದಬೇಕು. ಮಾನದಂಡಗಳು ಕಾಲಕಾಲಕ್ಕೆ ಬಿಗಿಯಾಗುತ್ತ ಬಂದಿರುವುದರಿಂದ ಹಿಂದಿನ ಐದು ನಕ್ಷತ್ರ ಇಂದಿನ ಐದು ನಕ್ಷತ್ರಕ್ಕೆ ಸಮವಲ್ಲ.

ಮಾಳಿಗೆಯ ಮೇಲೆ

ಚಾಲೂ ಮಾಡುವ ಮೊದಲೇ ಔಟ್‌ಡೋರ್ ಯೂನಿಟ್ ಬಳಿ ಹೋಗಬೇಕು. ಕಬ್ಬಿಣದ ಬ್ರಾಕೆಟ್ ತುಕ್ಕು ಹಿಡಿದಿದೆಯೇ, ಬೋಲ್ಟುಗಳು ಗೋಡೆಯಲ್ಲಿ ಭದ್ರವಾಗಿವೆಯೇ, ಬಿಸಿಗಾಳಿ ಹೊರಹೋಗಲು ಎದುರಿಗೆ ಜಾಗವಿದೆಯೇ ಎಂದು ನೋಡಬೇಕು. ಬೇಸಿಗೆಯ ಗಾಳಿಗೆ ಏಳುವ ದೂಳು ಹಿಂಬದಿಯ ತೆಳು ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಕೂತು ದಪ್ಪ ಪದರವಾಗಿದ್ದರೆ ಕೋಣೆಯ ಶಾಖವನ್ನು ಹೊರಹಾಕಲು ಯಂತ್ರ ಹೆಣಗಾಡುತ್ತದೆ. ಪೈಪಿಗೆ ಸುತ್ತಿದ ಕಪ್ಪು ಫೋಮ್ ಬಿಸಿಲಿಗೆ ಒಣಗಿ ಉದುರುತ್ತಿರುವುದು ನಮ್ಮ ಕಡೆ ಎಲ್ಲೆಲ್ಲೂ ಕಾಣುವ ದೋಷ.

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಪೈಪುಗಳು ಯೂನಿಟ್‌ಗೆ ಸೇರುವ ಹಿತ್ತಾಳೆಯ ನಟ್ಟುಗಳಿಗೆ. ಗ್ಯಾಸಿನೊಂದಿಗೆ, ಅದನ್ನು ಒತ್ತಿ ಸುತ್ತಿಸುವ ಕಂಪ್ರೆಸರಿನ ಎಣ್ಣೆಯೂ ಅಲ್ಪ ಪ್ರಮಾಣದಲ್ಲಿ ಸುತ್ತುತ್ತಿರುತ್ತದೆ. ನಟ್ಟಿನ ಬಳಿ ಸೋರಿಕೆಯಿದ್ದರೆ ಗ್ಯಾಸ್ ಗಾಳಿಯಲ್ಲಿ ಹೋಗುತ್ತದೆ, ಎಣ್ಣೆ ಅಲ್ಲೇ ಉಳಿಯುತ್ತದೆ, ಅದರ ಮೇಲೆ ದೂಳು ಕೂತು ಜಿಡ್ಡಿನ ಕಪ್ಪು ಕಲೆಯಾಗುತ್ತದೆ. ಉಳಿದೆಡೆ ಒಣದೂಳು, ನಟ್ಟಿನ ಸುತ್ತ ಮಾತ್ರ ಅಂಟು ದೂಳು ಎಂದರೆ ಗೇಜ್ ಇಲ್ಲದೆಯೇ ದೊಡ್ಡದೊಂದು ಸಂಗತಿ ಗೊತ್ತಾದಂತೆ. ಗ್ಯಾಸ್ ಎಂಬುದು ಪೆಟ್ರೋಲಿನಂತೆ ಓಡಿದಷ್ಟೂ ಖರ್ಚಾಗುವ ವಸ್ತುವಲ್ಲ. ಆದ್ದರಿಂದ 'ಪ್ರತಿ ವರ್ಷ ಗ್ಯಾಸ್ ತುಂಬಿಸುತ್ತೇವೆ, ಚೆನ್ನಾಗಿದೆ' ಎಂದು ಮನೆಯವರು ಹೇಳಿದರೆ ಅದನ್ನು ಸೋರಿಕೆಯ ಸೂಚನೆ ಎಂದೇ ಬರೆದುಕೊಳ್ಳಬೇಕು.

ಚಾಲೂ ಮಾಡಿ ಅಳೆಯುವುದು

ಮೊದಲು ಇನ್‌ಡೋರ್ ಯೂನಿಟ್‌ನ ಮುಚ್ಚಳ ಎತ್ತಿ ಫಿಲ್ಟರ್ ನೋಡಬೇಕು. ಬಾಗಿಲು, ಕಿಟಕಿ ಮುಚ್ಚಿ, ಕೂಲರ್ ಇದ್ದರೆ ನಿಲ್ಲಿಸಬೇಕು. ಕೂಲರ್ ಗಾಳಿಗೆ ತೇವ ಸೇರಿಸುತ್ತದೆ. ಆಗ ಏಸಿಯ ಶಕ್ತಿಯ ಒಂದು ಪಾಲು ಆ ತೇವವನ್ನು ನೀರಾಗಿಸಲು ಹೋಗಿ, ಅಳತೆ ಕಡಿಮೆ ಬರುತ್ತದೆ. ಬಳಿಕ ರಿಮೋಟಿನಲ್ಲಿ ಅತಿ ಕಡಿಮೆ ಉಷ್ಣಾಂಶ, ಅತಿ ಹೆಚ್ಚಿನ ಫ್ಯಾನ್ ವೇಗ ಇಟ್ಟು 15ರಿಂದ 20 ನಿಮಿಷ ಓಡಿಸಬೇಕು. ಇನ್ವರ್ಟರ್ ಏಸಿಗೆ ಇದು ಮತ್ತೂ ಮುಖ್ಯ, ಏಕೆಂದರೆ ಕೋಣೆ ನಿಗದಿತ ಉಷ್ಣಾಂಶದ ಹತ್ತಿರ ಬಂದೊಡನೆ ಅದು ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ನಡುವೆ ಕರೆಂಟ್ ಹೋದರೆ, ಬಂದೊಡನೆ ಚಾಲೂ ಮಾಡದೆ ಕನಿಷ್ಠ ಮೂರು ನಿಮಿಷ ಬಿಡಬೇಕು. ಸ್ಟೆಬಿಲೈಸರ್ ತೋರಿಸುವ ವೋಲ್ಟೇಜನ್ನೂ ಗುರುತು ಹಾಕಿಕೊಳ್ಳಬೇಕು.

ಯೂನಿಟ್‌ನ ಮೇಲ್ಭಾಗದಲ್ಲಿ ಒಳಸೇರುವ ಗಾಳಿಯ ಉಷ್ಣಾಂಶವನ್ನೂ ಕೆಳಗಿನಿಂದ ಹೊರಬರುವ ಗಾಳಿಯ ಉಷ್ಣಾಂಶವನ್ನೂ ಸಾಧಾರಣ ಡಿಜಿಟಲ್ ಥರ್ಮಾಮೀಟರಿನಿಂದ ಅಳೆಯಬೇಕು. ಇವೆರಡರ ನಡುವೆ 8ರಿಂದ 12 ಡಿಗ್ರಿ ಅಂತರವಿದ್ದರೆ ಸಾಮಾನ್ಯವಾಗಿ ತಂಪಾಗಿಸುವ ಕೆಲಸ ಸರಿಯಾಗಿ ನಡೆಯುತ್ತಿದೆ ಎಂದು ತಿಳಿಯಬಹುದು. ಆದರೆ ಅಂಕಿಯೊಂದನ್ನೇ ನಂಬುವಂತಿಲ್ಲ. ಫಿಲ್ಟರ್ ದೂಳಿನಿಂದ ಕಟ್ಟಿಕೊಂಡಿದ್ದರೆ ಒಳಗೆ ಹಾಯುವ ಗಾಳಿ ಕಡಿಮೆಯಾಗಿ, ಹಾಯ್ದಷ್ಟು ಗಾಳಿ ಮಾತ್ರ ಹೆಚ್ಚು ತಣ್ಣಗಾಗುತ್ತದೆ. ಅಂತರ ದೊಡ್ಡದಾಗಿ ಕಾಣುತ್ತದೆ, ಕೋಣೆ ಮಾತ್ರ ತಂಪಾಗುವುದಿಲ್ಲ. ಆದ್ದರಿಂದ ಗಾಳಿಯ ರಭಸವನ್ನೂ ಜೊತೆಗೇ ಗಮನಿಸಬೇಕು. ಓಡುತ್ತಿರುವಾಗಲೇ ಮತ್ತೊಮ್ಮೆ ಮಾಳಿಗೆಗೆ ಹೋಗಿ ಪೈಪುಗಳ ಮೇಲೆ ಹಿಮ ಕಟ್ಟಿದೆಯೇ, ಅಸಹಜ ಶಬ್ದವಿದೆಯೇ, ಡ್ರೇನ್ ಪೈಪಿನ ನೀರು ಎಲ್ಲಿಗೆ ಬೀಳುತ್ತಿದೆ ಎಂಬುದನ್ನು ನೋಡಬೇಕು.

ಹವಾಮಾನವನ್ನು ಮರೆತು ತೀರ್ಪು ಕೊಡಬಾರದು. ಏಸಿಯ ಟನ್ ಸಾಮರ್ಥ್ಯವನ್ನು ನಿಗದಿ ಮಾಡುವುದು ಹೊರಗೆ 35 ಡಿಗ್ರಿ, ಒಳಗೆ 27 ಡಿಗ್ರಿ ಇರುವ ಪರೀಕ್ಷಾ ಕೋಣೆಯಲ್ಲಿ. ಹೊರಗೆ 43 ಡಿಗ್ರಿ ಇದ್ದಾಗ ಅದೇ ಯಂತ್ರ ಅಷ್ಟೇ ತಂಪು ಕೊಡಲಾರದು, ಅದು ದೋಷವೂ ಅಲ್ಲ. ಚಳಿಗಾಲದ ಸಮಸ್ಯೆ ಬೇರೆ. ಹೊರಗಿನ ಉಷ್ಣಾಂಶ ಸುಮಾರು 18 ಡಿಗ್ರಿಗಿಂತ ಕೆಳಗಿದ್ದರೆ ತಂಪು ಯಂತ್ರವನ್ನು ನಡೆಸಬೇಕಾಗಿಲ್ಲ ಎಂದು ಅಮೆರಿಕದ ಒಂದು ಪ್ರಮುಖ ಸಂಘದ ನಿಯಮವಿದೆ. ಆ ಚಳಿಯಲ್ಲಿ ಗ್ಯಾಸ್ ಪೂರ್ತಿ ಆವಿಯಾಗದೆ ದ್ರವವಾಗಿಯೇ ಕಂಪ್ರೆಸರಿಗೆ ಮರಳಿ ಹಾನಿ ಮಾಡಬಹುದು. ಎತ್ತರದ ಪ್ರಸ್ಥಭೂಮಿಯ ಮೇಲಿರುವ ಬೀದರ್‌ನಲ್ಲಿ ಡಿಸೆಂಬರ್ ಬೆಳಗಿನ ಹೊತ್ತು ಈ ಮಿತಿಗಿಂತ ಕೆಳಗೇ ಇರುತ್ತದೆ. ಅಲ್ಲಿ ಚಳಿಗಾಲದಲ್ಲಿ ಮನೆ ನೋಡುವವರು ಮಧ್ಯಾಹ್ನವೇ ಹೋಗುವುದು ಒಳಿತು.

ಕೈ ಹಾಕಬಾರದ ಜಾಗ

ಗೇಜ್ ಜೋಡಿಸಿದಾಗಲೆಲ್ಲ ಸ್ವಲ್ಪ ಗ್ಯಾಸ್ ಹೊರಹೋಗುತ್ತದೆ, ಅಜಾಗರೂಕತೆಯಿಂದ ಜೋಡಿಸಿದರೆ ಗಾಳಿ, ತೇವ ಒಳಹೋಗುತ್ತವೆ. ಸ್ಪ್ಲಿಟ್ ಏಸಿಯಲ್ಲಿರುವ ಗ್ಯಾಸೇ ಕಡಿಮೆ. ಅದರಲ್ಲೂ ಇನ್ವರ್ಟರ್ ಯಂತ್ರದಲ್ಲಿ ಒಂದು ಹೊತ್ತಿನ ಒತ್ತಡ ನೋಡಿ ಗ್ಯಾಸ್ ಸರಿಯಿದೆ ಎನ್ನಲು ಬಾರದು. ಇಂದು ಬಳಕೆಯಲ್ಲಿರುವ ಆರ್-32 ಬೆಂಕಿ ಹತ್ತಬಲ್ಲ ಅನಿಲ, ಆರ್-290 ಅದಕ್ಕಿಂತಲೂ ಬೇಗ ಹತ್ತುತ್ತದೆ. ಔಟ್‌ಡೋರ್ ಯೂನಿಟ್‌ನ ಹೊದಿಕೆ ತೆಗೆದರೆ ಸಿಗುವ ಕೆಪಾಸಿಟರ್ ಕರೆಂಟ್ ತೆಗೆದ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತದೆ. ಮುಟ್ಟಿದವರ ಜೀವಕ್ಕೇ ಕುತ್ತು. ಕ್ಲ್ಯಾಂಪ್ ಮೀಟರಿನಿಂದ ಕರೆಂಟ್ ಅಳೆಯುವುದಾದರೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಮಾತ್ರ ಅಳೆಯಲಿ. ಏಸಿಗೆ ಪ್ರತ್ಯೇಕ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನಾಗಿ ಕಡಿಯುವ ಸ್ವಿಚ್ಚು) ಇದೆಯೇ, ಪ್ಲಗ್ ಸುಟ್ಟು ಕಂದಾಗಿದೆಯೇ ಎಂಬುದನ್ನು ತಪಾಸಕರು ಹೊರಗಿನಿಂದಲೇ ನೋಡಬಹುದು.

ವರದಿಯಲ್ಲಿ

'ಏಸಿ ಸರಿಯಾಗಿದೆ' ಎಂಬ ಎರಡು ಪದಗಳ ವರದಿಯಿಂದ ಕೊಳ್ಳುವವರಿಗೆ ಏನೂ ಉಪಯೋಗವಿಲ್ಲ. 'ಮಧ್ಯಾಹ್ನ 3 ಗಂಟೆ, ಹೊರಗೆ 41 ಡಿಗ್ರಿ, 20 ನಿಮಿಷ ಓಡಿಸಿದ ಮೇಲೆ ಒಳಸೇರುವ ಗಾಳಿ 31, ಹೊರಬರುವ ಗಾಳಿ 20 ಡಿಗ್ರಿ, ಫಿಲ್ಟರ್ ಸ್ವಚ್ಛ, ಔಟ್‌ಡೋರ್ ನಟ್ಟಿನ ಬಳಿ ಎಣ್ಣೆಯ ಕಲೆ ಇದೆ, ಗ್ಯಾಸಿನ ಒತ್ತಡ, ಗೋಡೆಯೊಳಗಿನ ಪೈಪು ಪರೀಕ್ಷಿಸಿಲ್ಲ' ಎಂಬ ರೀತಿಯಲ್ಲಿ, ನೋಡಿದ್ದನ್ನೂ ನೋಡದ್ದನ್ನೂ ಪ್ರತ್ಯೇಕವಾಗಿ ಬರೆಯಬೇಕು. ಸಂಶಯ ಕಂಡಲ್ಲಿ, ಆ ಕಂಪನಿಯ ಅಧಿಕೃತ ಮೆಕ್ಯಾನಿಕ್‌ನನ್ನು ನೋಂದಣಿಗೆ ಮೊದಲೇ ಕರೆಸಿ, ದುರಸ್ತಿಯ ಖರ್ಚು ಯಾರದೆಂಬುದನ್ನು ಕರಾರು ಪತ್ರದಲ್ಲಿ ಬರೆಸಿಕೊಳ್ಳಬೇಕು. ಪ್ರತಿ ಏಸಿಯ ಸರಣಿ ಸಂಖ್ಯೆಯೂ ಅದೇ ಪತ್ರದಲ್ಲಿರಲಿ. ಕೀಲಿಕೈ ಪಡೆಯುವ ದಿನ ಗೋಡೆಯ ಮೇಲಿನ ಯಂತ್ರ ತಪಾಸಣೆಯಾದ ಯಂತ್ರವೇ ಎಂಬುದನ್ನು ಅದರಿಂದ ತಾಳೆ ನೋಡಬಹುದು.