ಬಾಡಿಗೆ ಮನೆ ಬಿಟ್ಟಾಗ ಅಡ್ವಾನ್ಸ್ ಪೂರ್ತಿ ವಾಪಸ್ ಪಡೆದ ಬಗೆ

ಮಂಗಳೂರಿನಲ್ಲಿ ಅಡ್ವಾನ್ಸ್ ಹಿಡಿಯುವ ಮಾತು ಬಂದಾಗ ಓನರ್ ಮೊದಲು ತೋರಿಸುವುದು ಗೋಡೆಯನ್ನು. ನಾಲ್ಕು ತಿಂಗಳ ಮಳೆಗೆ ಕಪ್ಪಾದ ಗೋಡೆಯ ಖರ್ಚೆಲ್ಲ ಬಾಡಿಗೆಯವರ ತಲೆಗೆ ಬರುತ್ತದೆ. ಹಾಗಾಗಿ ಮನೆ ಬಿಡುವ ಒಂದು ತಿಂಗಳ ಮೊದಲೇ ನಾನು ಒದ್ದೆ ಬಟ್ಟೆ ಹಿಡಿದು ಗೋಡೆಗಳನ್ನು ಪರೀಕ್ಷಿಸಿದೆ.

ಉಜ್ಜಿದಾಗ ಕಪ್ಪು ಕಲೆ ಬಟ್ಟೆಗೆ ಅಂಟಿ, ಗೋಡೆಯ ಬಣ್ಣ ಹಾಗೇ ಉಳಿದರೆ ಅದು ಮೇಲಿನ ಬೂಷ್ಟು. ಕಪಾಟನ್ನು ಗೋಡೆಗೆ ಒತ್ತಿ ಇಟ್ಟಲ್ಲಿ, ಮಳೆಗಾಲದಲ್ಲಿ ಬಟ್ಟೆ ಒಣಹಾಕುವ ಕೋಣೆಯಲ್ಲಿ ಬರುವಂಥದ್ದು. ತೆಗೆಯುವುದು ನಮ್ಮ ಕೆಲಸವೇ. ಒಂದು ಲೀಟರ್ ನೀರಿಗೆ ಎರಡು ಚಮಚ ಬ್ಲೀಚಿಂಗ್ ಪೌಡರ್ ಕಲಸಿ, ತಿಳಿಯನ್ನು ಹಚ್ಚಿ, 15 ನಿಮಿಷ ಬಿಟ್ಟು ಒರೆಸಿದರೆ ಸಾಕು. ಕಿಟಕಿ ತೆರೆದಿರಲಿ, ಕೈಗೆ ಗ್ಲೌಸ್ ಇರಲಿ. ಬಾತ್‌ರೂಮ್ ತೊಳೆಯುವ ಆ್ಯಸಿಡ್ ಜೊತೆ ಇದನ್ನು ಸೇರಿಸಲೇಬೇಡಿ, ವಿಷದ ಗಾಳಿ ಏಳುತ್ತದೆ. ಗಾಢ ಬಣ್ಣದ ಗೋಡೆಯಾದರೆ ಮೂಲೆಯಲ್ಲಿ ಮೊದಲು ಹಚ್ಚಿ ನೋಡಿ, ಬಣ್ಣ ಮಾಸಬಹುದು.

ಬಣ್ಣ ಗುಳ್ಳೆ ಎದ್ದಿದ್ದರೆ, ಉಪ್ಪಿನಂಥ ಬಿಳಿ ಪುಡಿ ಉದುರಿದರೆ, ಕಲೆಯ ಅಂಚು ಹಳದಿಯಾಗಿದ್ದರೆ ಪಸೆ ಗೋಡೆಯ ಒಳಗಿನದು. ಟೆರೇಸ್ ಸೋರಿಕೆ, ಹೊರಗೋಡೆಯ ಬಿರುಕು ಅಥವಾ ಒಳಗಿನ ಪೈಪು ಕಾರಣ. ಇದು ಓನರ್ ಖರ್ಚು. ಆದರೆ ಇದನ್ನು ಮಳೆ ಸುರಿಯುತ್ತಿರುವಾಗಲೇ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿರಬೇಕು. ಜುಲೈಯಲ್ಲಿ ಕಳಿಸಿದ ಎರಡು ಫೋಟೋ ಮರುವರ್ಷ ಮೇಯಲ್ಲಿ ಮನೆ ಬಿಡುವಾಗಿನ ಲೆಕ್ಕದಲ್ಲಿ ನನ್ನನ್ನು ಕಾಪಾಡಿದವು.

ಕಡಲ ಗಾಳಿಗೆ ಕಿಟಕಿ ಸರಳು ತುಕ್ಕು ಹಿಡಿದದ್ದು, ಬಣ್ಣ ಮಾಸಿದ್ದು ಸಹಜ ಸವಕಳಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು ಅದನ್ನು ಬಾಡಿಗೆದಾರನ ಹೊಣೆಯಿಂದ ಹೊರಗಿಟ್ಟಿದೆ. ಒಡೆದ ಗಾಜು, ಮುರಿದ ಸ್ವಿಚ್ ನಮ್ಮದು. ಅವನ್ನು ನಾವೇ ಸರಿ ಮಾಡಿಸಿದರೆ ಅಗ್ಗ. ಮೊಳೆ ತೂತಿಗೆ ಪುಟ್ಟಿ ತುಂಬಿ ಮರಳು ಕಾಗದದಿಂದ ಉಜ್ಜಿ ಅಲ್ಲಿಗೆ ಬಿಡಿ. ಹೊಸ ಬಣ್ಣದ ತೇಪೆ ಹಳೆಯ ಬಣ್ಣಕ್ಕೆ ಹೊಂದುವುದಿಲ್ಲ, ತೂತಿಗಿಂತ ಎದ್ದು ಕಾಣುತ್ತದೆ.

ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದಾಗಿ ಅಗ್ರಿಮೆಂಟ್‌ನಲ್ಲಿ ಇದ್ದರೆ ಕೊಡಲೇಬೇಕು. ನಮ್ಮದರಲ್ಲಿ ಇರಲಿಲ್ಲ. ಇದ್ದರೂ, ಅದನ್ನು ಹಿಡಿದ ಮೇಲೆ ಅದೇ ಗೋಡೆಗೆ ಮತ್ತೆ ಹಣ ಕೇಳಿದರೆ ಒಪ್ಪಬೇಡಿ, ಬಿಲ್ ಕೇಳಿ.

ಕೀ ಕೊಡುವ ದಿನ ಓನರ್ ಎದುರೇ ಮೆಸ್ಕಾಂ ಮೀಟರಿನ ರೀಡಿಂಗ್ ಫೋಟೋ ತೆಗೆದೆ. ಕೊಟ್ಟ ಕೀಗಳ ಸಂಖ್ಯೆ, ಬಾಕಿ ಬಿಲ್, ವಾಪಸ್ ಬರಬೇಕಾದ ಮೊತ್ತ, ಕೊಡುವ ತಾರೀಕು ಬರೆದು ಎರಡು ಪ್ರತಿಗೆ ಇಬ್ಬರೂ ಸಹಿ ಹಾಕಿದೆವು. ಹಣ ಬರುವ ತನಕ ಕೀ ಹಿಡಿದಿಟ್ಟುಕೊಳ್ಳಿ ಎನ್ನುವವರಿದ್ದಾರೆ. ಆಗ ಓನರ್ ಆ ದಿನಗಳ ಬಾಡಿಗೆಯನ್ನೂ ಕೇಳುತ್ತಾರೆ, ನನಗದು ಸರಿ ಕಾಣುವುದಿಲ್ಲ. ಗೃಹಜ್ಯೋತಿಗೆ ನಿಮ್ಮ ಆಧಾರ್ ಕೊಟ್ಟಿದ್ದರೆ ಸೇವಾಸಿಂಧುವಿನಲ್ಲಿ ಡಿ-ಲಿಂಕ್ ಮಾಡಿಸಿ, ಇಲ್ಲದಿದ್ದರೆ ಹೊಸ ಮನೆಯಲ್ಲಿ ಅರ್ಜಿಗೆ ತೊಡಕು.

ಬರೆದ ತಾರೀಕು ದಾಟಿದರೆ ಫೋನಿನಲ್ಲಿ ಜಗಳ ಬೇಡ. ಮೊತ್ತ, ಬ್ಯಾಂಕ್ ಖಾತೆ, 15 ದಿನದ ಗಡುವು ಬರೆದು ಸ್ಪೀಡ್ ಪೋಸ್ಟ್ ಮಾಡಿ, ರಶೀದಿ ಇಟ್ಟುಕೊಳ್ಳಿ. ಅದಕ್ಕೂ ಬಗ್ಗದಿದ್ದರೆ ಅಗ್ರಿಮೆಂಟ್, ಅಡ್ವಾನ್ಸ್ ಕೊಟ್ಟ ಬ್ಯಾಂಕ್ ದಾಖಲೆ, ಸಹಿಯಾದ ಪ್ರತಿ, ಪತ್ರದ ನಕಲು ಹಿಡಿದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕೇಸು ಹಾಕುವ ಮೊದಲೇ ಇಬ್ಬರನ್ನೂ ಕರೆಸಿ ಮಾತಾಡಿಸಿ ಎಂದು ಅಲ್ಲಿ ಅರ್ಜಿ ಕೊಡಬಹುದು.